21 ದಿನಗಳ ಲೆಕ್ಕ

ಕೀಮೋ ಬಗ್ಗೆ ಬಂದ ಎರಡು ಪತ್ರಗಳಿಗೆ ಈ ಸಲ ಉತ್ತರ ಬರೆದವರು ಅದೇ ಚಿಕಿತ್ಸೆ ಪಡೆದ ಒಬ್ಬ ಗಡಿಯಾರ ರಿಪೇರಿಗಾರರು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 68 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೂ ಹರಡಿದೆ. ಹಾರ್ಮೋನ್ ಇಂಜೆಕ್ಷನ್ ಜೊತೆಗೆ ಡೋಸೆಟಾಕ್ಸೆಲ್ ಕೀಮೋ ಕೊಡುತ್ತಿದ್ದಾರೆ. 21 ದಿನಕ್ಕೊಂದು ಸೈಕಲ್‌ನಂತೆ ಎರಡು ಮುಗಿದಿವೆ, ಇನ್ನೂ ನಾಲ್ಕು ಇವೆ. ಮೊದಲು ದಿನಾ ಒಂದು ಗಂಟೆ ನಡೆಯುತ್ತಿದ್ದೆ. ಈಗ ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತದೆ. ಡಾಕ್ಟರು ಚಟುವಟಿಕೆಯಿಂದಿರಿ ಅನ್ನುತ್ತಾರೆ, ಹೆಂಡತಿ ಲೋಟ ಎತ್ತಿಡಲೂ ಬಿಡುವುದಿಲ್ಲ. ನೋಡಲು ಬಂದವರೆಲ್ಲ ‘ಪಾಸಿಟಿವ್ ಆಗಿರಿ, ಅರ್ಧ ಕಾಯಿಲೆ ಅದರಲ್ಲೇ ಹೋಗುತ್ತೆ’ ಅನ್ನುತ್ತಾರೆ. ನನ್ನಿಂದ ಆಗುತ್ತಿಲ್ಲ. ಕೆಲವು ದಿನ ಗೋಡೆ ನೋಡುತ್ತಾ ಕೂತುಬಿಡುತ್ತೇನೆ. ನನ್ನ ಮನಸ್ಸೇ ಔಷಧಿಗೆ ಅಡ್ಡ ಬರುತ್ತಿದೆಯಾ ಸಾರ್?

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಬರುತ್ತೇನೆ. ಯಾಕಂದರೆ ಅದು ನನ್ನನ್ನೂ ಎಷ್ಟೋ ರಾತ್ರಿ ನಿದ್ದೆ ಮಾಡಲು ಬಿಟ್ಟಿಲ್ಲ. ಇಲ್ಲ ಸಾರ್, ನಿಮ್ಮ ಮನಸ್ಸು ಔಷಧಿಗೆ ಅಡ್ಡ ಬರುತ್ತಿಲ್ಲ. ಒಂದು ಜೀವಕೋಶ ಎರಡಾಗುವಾಗ ಅದರೊಳಗೆ ಎಳೆಯಂಥ ಸಣ್ಣ ಕೊಳವೆಗಳು ಕಟ್ಟಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳಬೇಕು. ಡೋಸೆಟಾಕ್ಸೆಲ್ ಅವನ್ನು ಬಿಚ್ಚಿಕೊಳ್ಳಲು ಬಿಡುವುದಿಲ್ಲ. ಕೋಶ ಅಲ್ಲೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ನೀವು ನಕ್ಕರೂ ಅತ್ತರೂ ಔಷಧಿ ತನ್ನ ಕೆಲಸ ಮಾಡುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ಮೇಲೆ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮನಸ್ಸು ಚೆನ್ನಾಗಿದ್ದವರು ಅದರಿಂದಾಗಿಯೇ ಹೆಚ್ಚು ಕಾಲ ಬದುಕಿದರು ಅಂತ ಅದರಲ್ಲಿ ಕಾಣಲಿಲ್ಲ. ಇದನ್ನು ಓದಿದ ದಿನ ನನಗೆ ಬೇಸರವಾಗಲಿಲ್ಲ. ಎದೆ ಮೇಲಿದ್ದ ಭಾರ ಇಳಿದ ಹಾಗಾಯಿತು. ಅಳುವುದಕ್ಕೂ ಹೆದರಬೇಕಾಗಿಲ್ಲ ಅಂತ ಗೊತ್ತಾಯಿತಲ್ಲ!

ನಾನು ಕೈಗಡಿಯಾರ ರಿಪೇರಿ ಮಾಡುವವನು. 64ನೇ ವಯಸ್ಸಿನಲ್ಲಿ ಇದೇ ಔಷಧಿಯ ಆರು ಸೈಕಲ್ ತೆಗೆದುಕೊಂಡೆ. ನನ್ನ ಮೇಜಿನ ಮೇಲೆ ಒಂದು ಪುಸ್ತಕ ಇರುತ್ತದೆ. ರಿಪೇರಿ ಆದ ಗಡಿಯಾರ ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಅಂತ ಅದರಲ್ಲಿ ಬರೆಯುತ್ತೇನೆ. ಒಂದೇ ದಿನದ ಲೆಕ್ಕ ನೋಡಿ ಯಾವ ಗಡಿಯಾರವನ್ನೂ ಕೆಟ್ಟಿದೆ ಅನ್ನುವಂತಿಲ್ಲ. ಮೊದಲ ಕೀಮೋ ಆದ ಮೇಲೆ ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ನನ್ನ ಲೆಕ್ಕ ಶುರುಮಾಡಿದೆ. ದಿನ, ಎಷ್ಟು ನಡೆದೆ, ಎಷ್ಟು ನಿದ್ದೆ, ಜ್ವರ ಎಷ್ಟು. ಇಷ್ಟೇ.

ಎರಡನೇ ಸೈಕಲ್ ಮುಗಿಯುವಷ್ಟರಲ್ಲಿ ಪುಟಗಳೇ ಮಾತಾಡಿದವು. 21 ದಿನಕ್ಕೆ ಅದರದೇ ಒಂದು ಆಕಾರ ಇದೆ. ಕೀಮೋ ಜೊತೆ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರಲ್ಲ, ಅದರ ಜೋರಿನಲ್ಲಿ ಮೊದಲ ಎರಡು ದಿನ ಸುಸ್ತೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬೀರು ಜೋಡಿಸಿದ್ದೇನೆ. ಮೂರನೇ ದಿನ ನೆಲ ಕುಸಿದ ಹಾಗೆ. ಮೂರರಿಂದ ಆರನೇ ದಿನದವರೆಗೆ ನಾನು ಏನೂ ಅಲ್ಲ. ಏಳರಿಂದ ಹತ್ತರ ಆಸುಪಾಸಿನಲ್ಲಿ ಸುಸ್ತು ಸ್ವಲ್ಪ ಇಳಿಯುತ್ತದೆ, ಆದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಕಡಿಮೆ ಇರುವುದೂ ಆಗಲೇ. ಹನ್ನೆರಡನೇ ದಿನದಿಂದ ಮನುಷ್ಯನಾಗುತ್ತಿದ್ದೆ. ನೀವು ಗೋಡೆ ನೋಡುತ್ತಾ ಕೂತ ದಿನಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಬಹುಶಃ ಹೆಚ್ಚಿನವು ಮೂರರಿಂದ ಆರರೊಳಗೆ ಬೀಳುತ್ತವೆ. ಅದು ನಿಮ್ಮ ಸ್ವಭಾವ ಅಲ್ಲ, ಸ್ಟೀರಾಯ್ಡ್ ಇಳಿದ ದಿನಗಳು.

ಚಟುವಟಿಕೆಯನ್ನೂ ಈ ಆಕಾರಕ್ಕೆ ಹೊಂದಿಸಿಕೊಂಡೆ. ಹಳೆಯ ಒಂದು ಗಂಟೆಯ ನಡಿಗೆಯನ್ನು ಈಗಲೇ ಹುಡುಕಬೇಡಿ. ಮೊದಲ ಸೈಕಲಿನ ನಾಲ್ಕನೇ ದಿನ ನಾನು ನಡೆದದ್ದು 40 ಹೆಜ್ಜೆ. ಹಾಸಿಗೆಯಿಂದ ಬಾಗಿಲಿಗೆ, ವಾಪಸ್. ಹಾಗೆ ದಿನಕ್ಕೆ ಮೂರು ಸಲ. ಹದಿನಾರನೇ ದಿನ ಅರ್ಧ ಗಂಟೆ ನಡೆದೆ, ಜೊತೆಗಿದ್ದವರ ಹತ್ತಿರ ಮಾತಾಡಲು ಉಸಿರು ಸಾಕಾಗುವಷ್ಟು ವೇಗದಲ್ಲಿ. ವಾರಕ್ಕೆ ಮೂರು ದಿನ ಅರ್ಧ ಗಂಟೆಯ ಇಂಥ ನಡಿಗೆ ಕ್ಯಾನ್ಸರ್ ಸುಸ್ತನ್ನು ಕಡಿಮೆ ಮಾಡುತ್ತದೆ ಅಂತ 2019ರಲ್ಲಿ ವ್ಯಾಯಾಮ ತಜ್ಞರ ತಂಡವೊಂದು ಹೇಳಿದೆ. ಸುಸ್ತಿಗೆ ಮಲಗುವುದೇ ಔಷಧಿ ಅಂತ ನಾನೂ ನಂಬಿದ್ದೆ. ಮಲಗಿದಷ್ಟೂ ಅದು ಜಾಸ್ತಿಯಾಯಿತು. ಒಂದು ಮಾತು ಮುಚ್ಚಿಡುವುದಿಲ್ಲ: ಐದು, ಆರನೇ ಸೈಕಲಿನಲ್ಲಿ ಒಳ್ಳೆಯ ದಿನಗಳೂ ಮೊದಲಿನಷ್ಟು ಒಳ್ಳೆಯವಾಗಿರಲಿಲ್ಲ. ಆಗ ಅರ್ಧ ಗಂಟೆ ಹೋಗಿ 20 ನಿಮಿಷ ಆಯಿತು. ಪುಸ್ತಕದಲ್ಲಿ 20 ಅಂತಲೇ ಬರೆದೆ.

ಕಾಲು ನಡುಗುವುದಕ್ಕೆ ಕೀಮೋ ಒಂದೇ ಕಾರಣ ಅಲ್ಲ. ಟೆಸ್ಟೋಸ್ಟೆರಾನ್ ಅನ್ನುವ ಗಂಡಸರ ಹಾರ್ಮೋನ್ ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲೇ ತೋರಿಸಿದ್ದರು. ನಿಮ್ಮ ಹಾರ್ಮೋನ್ ಇಂಜೆಕ್ಷನ್ ಮಾಡುವುದೂ ಅದನ್ನೇ. ಆದರೆ ಆ ಹಾರ್ಮೋನ್ ಇಲ್ಲದಿದ್ದರೆ ಮಾಂಸಖಂಡ ಕರಗುತ್ತದೆ, ಮೂಳೆ ಸವೆಯುತ್ತದೆ. ಅದಕ್ಕೇ ಬರೀ ನಡೆದರೆ ಸಾಲದು. ನಾನು ಕೈ ಊರದೆ ಕುರ್ಚಿಯಿಂದ ಎದ್ದು ಕೂರುತ್ತಿದ್ದೆ, ಮೊದಲ ವಾರ ಐದು ಸಲ, ಆಮೇಲೆ ಹತ್ತು. ಗೋಡೆಗೆ ಅಂಗೈ ಊರಿ ಎದೆಯನ್ನು ಹತ್ತಿರ ತಂದು ಹಿಂದೆ ತಳ್ಳುತ್ತಿದ್ದೆ. ನಿಮಗೆ ಮೂಳೆಗೆ ಹರಡಿರುವುದರಿಂದ ಇದನ್ನೂ ಕೇಳದೆ ಶುರುಮಾಡಬೇಡಿ. ಸ್ಕ್ಯಾನ್ ತೋರಿಸಿ, ಯಾವ ಮೂಳೆ ದುರ್ಬಲವಾಗಿದೆ, ಯಾವ ಚಲನೆ ಬೇಡ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಭಾರ ಎತ್ತುವುದು, ಸೊಂಟ ತಿರುಚುವುದು, ಒಮ್ಮೆಲೇ ಬಗ್ಗುವುದು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಫಿಸಿಯೋಥೆರಪಿಸ್ಟ್ ಸಿಕ್ಕರೆ ಬಿಡಬೇಡಿ. ಬೆನ್ನಿನಲ್ಲಿ ಹೊಸದಾಗಿ ನೋವು ಬಂದರೆ, ಕಾಲಿನ ಬಲ ಒಮ್ಮೆಲೇ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ನಾಳೆಗೆ ಅಂತ ಬಿಡದೆ ಆವತ್ತೇ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು.

ಜ್ವರದ ವಿಷಯವೂ ಹಾಗೇ. ಥರ್ಮಾಮೀಟರ್ ದಿಂಬಿನ ಪಕ್ಕದಲ್ಲೇ ಇರಲಿ. 100.4 ಡಿಗ್ರಿ ದಾಟಿದರೆ ಸುಮ್ನೆ ಒಂದು ಮಾತ್ರೆ ನುಂಗಿ ಮಲಗಬೇಡಿ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡಿ, ಹೊರಡಿ.

ನಿಮ್ಮ ಮನೆಯವರ ಬಗ್ಗೆ. ನನ್ನ ಹೆಂಡತಿಯೂ ಹಾಗೇ ಇದ್ದಳು. ಜಗಳ ಮಾಡಿ ಗೆಲ್ಲಲು ಆಗಲಿಲ್ಲ. ಕೊನೆಗೆ ಅವಳನ್ನೇ ಡಾಕ್ಟರ ಮುಂದೆ ಕೂರಿಸಿ, ‘ನಾನು ಏನೇನು ಮಾಡಬಹುದು, ಇವಳಿಗೆ ಹೇಳಿ’ ಅಂದೆ. ಮನೆಗೆ ಬಂದ ಮೇಲೆ ಕುರ್ಚಿಯಿಂದ ಏಳುವ ಲೆಕ್ಕ ಎಣಿಸುವುದು ಅವಳ ಕೆಲಸವಾಯಿತು. ಅವಳ ಹೆದರಿಕೆಗೂ ಒಂದು ಕೆಲಸ ಬೇಕಿತ್ತು, ಅಲ್ವಾ? ನಾನು ಎಂಟಕ್ಕೆ ನಿಲ್ಲಿಸಿದರೆ ‘ಇನ್ನೆರಡು’ ಅನ್ನುತ್ತಿದ್ದಳು.

ಇನ್ನು ನನ್ನ ಬೆರಳು. ನಾಲ್ಕನೇ ಸೈಕಲ್ ಆದ ಮೇಲೆ ತುದಿಗಳು ಜೋಮು ಹಿಡಿದವು. ಆಗ ಹೇಳಿದ ಕೊಳವೆಗಳು ನರಗಳಲ್ಲೂ ಇರುತ್ತವೆ, ಔಷಧಿ ಅವನ್ನೂ ಬಿಡುವುದಿಲ್ಲ. ಚಿಮಟದಲ್ಲಿ ಹಿಡಿದ ತಿರುಪು ಯಾವಾಗ ಜಾರಿತು ಅಂತಲೇ ತಿಳಿಯುತ್ತಿರಲಿಲ್ಲ. ಕಣ್ಣಲ್ಲಿ ಬೇರೆ ನೀರು. ಡಾಕ್ಟರಿಗೆ ಹೇಳಿದರೆ ಕೀಮೋ ನಿಲ್ಲಿಸಿಬಿಡುತ್ತಾರೆ ಅಂತ ಹೆದರಿ ಒಂದು ಸೈಕಲ್ ಪೂರ್ತಿ ಮುಚ್ಚಿಟ್ಟೆ. ಅದು ತಪ್ಪು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಹೇಳಿದ ಮೇಲೆ ಅವರು ನಿಲ್ಲಿಸಲಿಲ್ಲ, ಪ್ರಮಾಣ ಸ್ವಲ್ಪ ತಗ್ಗಿಸಿದರು. ಕೈಗಡಿಯಾರಗಳನ್ನು ಪೆಟ್ಟಿಗೆಯಲ್ಲಿಟ್ಟು ಗೋಡೆ ಗಡಿಯಾರ ಹಿಡಿದೆ. ಅದರ ತಿರುಪು ದೊಡ್ಡದು, ಜೋಮು ಹಿಡಿದ ಬೆರಳಿಗೂ ಸಿಗುತ್ತದೆ. ಮಧ್ಯಾಹ್ನ ಒಂದೂವರೆ ಗಂಟೆ ಕೂರುತ್ತಿದ್ದೆ. ನಿಂತಿದ್ದ ಗಡಿಯಾರ ಟಿಕ್ ಅಂದಾಗ ಬರುವ ಸಂತೋಷ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನಿಮ್ಮ ಕೈಗೆ ಗೊತ್ತಿರುವ ಕೆಲಸ ಯಾವುದು ಅಂತ ನೀವು ಬರೆದಿಲ್ಲ. ಅದರಲ್ಲೂ ಇಂಥ ದೊಡ್ಡ ತಿರುಪು ಎಲ್ಲೋ ಇರುತ್ತದೆ, ಹುಡುಕಿ.

ಮೂರರಿಂದ ಆರನೇ ದಿನದ ಹೊರಗೂ ಗೋಡೆಯೇ ಕಾಣುತ್ತಿದ್ದರೆ, ಎರಡು ವಾರ ಯಾವುದರಲ್ಲೂ ಮನಸ್ಸು ಇಲ್ಲ ಅನಿಸಿದರೆ, ಅದನ್ನೂ ಜ್ವರದ ಹಾಗೇ ಡಾಕ್ಟರಿಗೆ ಹೇಳಿ. ಹಾರ್ಮೋನ್ ಇಂಜೆಕ್ಷನ್ನೇ ಮನಸ್ಸನ್ನು ಕುಗ್ಗಿಸಬಹುದು. ಅದಕ್ಕೆ ಚಿಕಿತ್ಸೆ ಇದೆ. ಮತ್ತೆ ಯಾರಾದರೂ ಬಂದು ಪಾಸಿಟಿವ್ ಆಗಿರಿ ಅಂದರೆ, ‘ಹತ್ತು ನಿಮಿಷ ಜೊತೆಗೆ ನಡೀತೀರಾ?’ ಅಂತ ಕೇಳಿ. ನಾನು ಹಾಗೇ ಕೇಳುತ್ತಿದ್ದೆ. ಹೆಚ್ಚಿನವರು ಖುಷಿಯಿಂದ ಬಂದರು. ಏನು ಮಾಡಬೇಕು ಅಂತ ಅವರಿಗೂ ಗೊತ್ತಿರಲಿಲ್ಲ ಅಷ್ಟೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಇದೇ ಕೀಮೋ ಶುರುವಾಗಿದೆ. ಮೊದಲ ಸೈಕಲ್ ಆದ ಮೇಲೆ ಪಿಎಸ್‌ಎ (ಈ ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಕಡಿಮೆಯಾಗುವ ಬದಲು ಏರಿದೆ. ರಿಪೋರ್ಟ್ ನೋಡಿದಾಗಿನಿಂದ ಅವರು ವಾಕಿಂಗ್ ಬಿಟ್ಟಿದ್ದಾರೆ. ‘ಇನ್ನೇನು ಉಪಯೋಗ’ ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ತಾಯಿ, ಮೊದಲ ಒಂದೆರಡು ಸೈಕಲಿನಲ್ಲಿ ಪಿಎಸ್‌ಎ ಏರಿ ಆಮೇಲೆ ಇಳಿಯುವುದುಂಟು. ಅದಕ್ಕೇ ಮೊದಲ 12 ವಾರದ ಏರಿಕೆ ಒಂದನ್ನೇ ನೋಡಿ ಔಷಧಿ ಕೆಲಸ ಮಾಡುತ್ತಿಲ್ಲ ಅಂತ ತಜ್ಞರು ತೀರ್ಮಾನಿಸುವುದಿಲ್ಲ. ನೋವು ಹೇಗಿದೆ, ಸ್ಕ್ಯಾನ್ ಏನು ಹೇಳುತ್ತದೆ, ಎಲ್ಲಾ ಸೇರಿಸಿ ನೋಡುತ್ತಾರೆ. ಮುಂದೆ ಇಳಿದೇ ಇಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಇವತ್ತಿನ ಒಂದು ಅಂಕಿ ನೋಡಿ ಕೈಚೆಲ್ಲುವ ಹೊತ್ತಲ್ಲ ಇದು. ಮುಂದಿನ ಭೇಟಿಯಲ್ಲಿ ಈ ಪ್ರಶ್ನೆಯನ್ನು ಅವರ ಎದುರಿಗೇ ಡಾಕ್ಟರಿಗೆ ಕೇಳಿ. ಉತ್ತರ ಡಾಕ್ಟರ ಬಾಯಿಂದಲೇ ಕೇಳಲಿ.

ಅಲ್ಲಿಯವರೆಗೆ ವಾಕಿಂಗ್ ಬಗ್ಗೆ ವಾದ ಮಾಡಬೇಡಿ. ಸಂಜೆ ನೀವೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಕರೆಯಿರಿ. ಮೊದಲ ದಿನ ಬರದಿದ್ದರೆ ಎರಡನೇ ದಿನವೂ ನಿಲ್ಲಿ. ನನ್ನ ಹೆಂಡತಿ ನಾಲ್ಕು ದಿನ ನಿಂತಿದ್ದಳು.