ಫಾಸ್ಟ್ ಫುಡ್ ಹೋಟೆಲುಗಳನ್ನು ವಲಯ ನಿಯಮಗಳ ಮೂಲಕ ತಡೆಯುವುದು ಸರಿಯೇ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಲಾಸ್ ಏಂಜಲೀಸ್ ನಗರ 2008ರಲ್ಲಿ ಮಾಡಿದಂತೆ, ಸ್ಥಳೀಯ ಆಡಳಿತವೊಂದು ವಲಯ ನಿಯಮಗಳನ್ನು ಬಳಸಿ ಹೊಸ ಫಾಸ್ಟ್ ಫುಡ್ ಹೋಟೆಲುಗಳನ್ನು ತಡೆಯಬಹುದೇ ಎಂಬುದು ಒಂದು. ಹಾಗೆ ತಡೆದರೆ ಜನರ ಬೊಜ್ಜು ಇಳಿಯುತ್ತದೆಯೇ, ಬೆಂಗಳೂರಿನಂಥ ಊರಿಗೂ ಅದು ಒಗ್ಗುತ್ತದೆಯೇ ಎಂಬುದು ಇನ್ನೊಂದು. ನಾನು ನಗರ ಯೋಜನೆ ಓದಿದವನು. ಇಂಗ್ಲೆಂಡಿನ ಈಶಾನ್ಯ ಭಾಗದ ಒಂದು ಸ್ಥಳೀಯ ಸಂಸ್ಥೆಯ ಯೋಜನಾ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಈ ಅಧಿಕಾರ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಇರಲೇಬೇಕು. ಆದರೆ ಅದನ್ನು ಶಾಲೆಗಳ ಸುತ್ತ ಮತ್ತು ಇಂಥ ಅಂಗಡಿಗಳು ಈಗಾಗಲೇ ಕಿಕ್ಕಿರಿದಿರುವ ಬೀದಿಗಳಲ್ಲಿ ಮಾತ್ರ, ಹತ್ತಾರು ವರ್ಷ ಬಿಡದೆ ಬಳಸಬೇಕು. ಇಡೀ ಬಡಾವಣೆಯ ಬೊಜ್ಜಿಗೆ ಇದೇ ಮದ್ದು ಎಂದು ಹೊರಟರೆ ನಿರಾಶೆ ಖಚಿತ.

ವಲಯ ನಿಯಮ ಎಂಬುದು ಯಾವ ನಿವೇಶನವನ್ನು ಯಾವ ಉದ್ದೇಶಕ್ಕೆ ಬಳಸಬಹುದು ಎಂದು ಹೇಳುತ್ತದೆಯೇ ಹೊರತು ಅಲ್ಲಿಗೆ ಬಂದವರು ಏನು ತಿನ್ನಬೇಕು ಎಂದು ಹೇಳುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ ಗಟ್ಟಿಯಾದ ಕಾನೂನಿನ ನೆಲೆ ಸಿಕ್ಕಿದ್ದು 1926ರಲ್ಲಿ. ಓಹಿಯೊ ರಾಜ್ಯದ ಯೂಕ್ಲಿಡ್ ಎಂಬ ಸಣ್ಣ ಊರಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಾರ್ವಜನಿಕರ ಆರೋಗ್ಯ, ಸುರಕ್ಷತೆ ಮತ್ತು ಹಿತಕ್ಕಾಗಿ ಜಮೀನಿನ ಬಳಕೆಯನ್ನು ನಿರ್ಬಂಧಿಸುವುದು ಸಂವಿಧಾನಬದ್ಧ ಎಂದು ಒಪ್ಪಿತು. ಆರೋಗ್ಯವೆಂಬ ಕಾರಣ ಹೀಗೆ ಮೊದಲಿನಿಂದಲೂ ಅದರೊಳಗೇ ಇದೆ. ಫಾಸ್ಟ್ ಫುಡ್ ವಿಷಯದಲ್ಲಿ ಯಾರೋ ಹೊಸದಾಗಿ ತುರುಕಿದ್ದಲ್ಲ. ಆದರೆ ಈ ನಿಯಮಗಳಿಗೆ ಹುಟ್ಟಿನಿಂದಲೇ ಬಂದ ಒಂದು ಮಿತಿಯಿದೆ. ಅವು ಮುಂದೆ ಬರುವ ಅಂಗಡಿಯನ್ನು ತಡೆಯಬಲ್ಲವು. ನಿನ್ನೆಯವರೆಗೆ ನ್ಯಾಯವಾಗಿ ನಡೆಯುತ್ತಿದ್ದ ಅಂಗಡಿಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ನಡೆದದ್ದು ಅರ್ಥವಾಗಬೇಕಾದರೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಗರದ ದಕ್ಷಿಣ ಭಾಗ ಬಹುಪಾಲು ಆಫ್ರಿಕನ್ ಅಮೆರಿಕನ್ನರೂ ಲ್ಯಾಟಿನೋ ಮೂಲದವರೂ ವಾಸಿಸುವ, ಆದಾಯ ಕಡಿಮೆ ಇರುವ ಪ್ರದೇಶ. 1992ರ ಗಲಭೆಯ ನಂತರ ಅಲ್ಲಿಗೆ ದೊಡ್ಡ ಸೂಪರ್‌ಮಾರ್ಕೆಟ್‌ಗಳನ್ನು ತರುತ್ತೇವೆಂದು ಕೊಟ್ಟ ಭರವಸೆಗಳು ಬಹುಮಟ್ಟಿಗೆ ಭರವಸೆಗಳಾಗಿಯೇ ಉಳಿದವು. ಈ ಹಿನ್ನೆಲೆಯಲ್ಲಿ ನಗರಸಭೆಯ ಸದಸ್ಯೆ ಜಾನ್ ಪೆರ‍್ರಿ ಮುಂದಿಟ್ಟ ಪ್ರಸ್ತಾವಕ್ಕೆ 2008ರ ಜುಲೈನಲ್ಲಿ ಸರ್ವಾನುಮತದ ಒಪ್ಪಿಗೆ ದೊರೆತು, ಸುಮಾರು 32 ಚದರ ಮೈಲಿ ಪ್ರದೇಶದಲ್ಲಿ ಸ್ವತಂತ್ರ ಕಟ್ಟಡದ ಹೊಸ ಫಾಸ್ಟ್ ಫುಡ್ ಹೋಟೆಲುಗಳಿಗೆ ಒಂದು ವರ್ಷದ ತಡೆ ಬಿತ್ತು. 2010ರ ಕೊನೆಗೆ ಅದು ಯೋಜನಾ ದಾಖಲೆಯಲ್ಲಿ ಸ್ಥಾಯಿಯಾಗಿ ಸೇರಿ, ಇರುವ ಒಂದು ಹೋಟೆಲಿನಿಂದ ಅರ್ಧ ಮೈಲಿಯೊಳಗೆ ಅಂಥ ಇನ್ನೊಂದು ಬರಬಾರದೆಂಬ ರೂಪ ಪಡೆಯಿತು. ಇದು ಕೇವಲ ಬೊಜ್ಜಿನ ವಿಚಾರವಾಗಿರಲಿಲ್ಲ ಎಂಬುದನ್ನು ಟೀಕಾಕಾರರು ಹೆಚ್ಚಾಗಿ ಮರೆಯುತ್ತಾರೆ. ಖಾಲಿ ನಿವೇಶನಗಳೇ ಕಡಿಮೆ ಇರುವ ಕಡೆ ಉಳಿದದ್ದೆಲ್ಲ ಕಾರಿನ ಕಿಟಕಿಗೆ ಪೊಟ್ಟಣ ಕೊಡುವ ಹೋಟೆಲುಗಳ ಪಾಲಾದರೆ, ಮುಂದೆ ತರಕಾರಿ ಅಂಗಡಿಗೋ ಕುಟುಂಬ ಸಮೇತ ಕೂತು ಉಣ್ಣುವ ಹೋಟೆಲಿಗೋ ಜಾಗ ಎಲ್ಲಿ ಎಂಬ ಪ್ರಶ್ನೆಯೂ ಪೆರ‍್ರಿಯವರ ವಾದದಲ್ಲಿತ್ತು. ನನ್ನ ಮಟ್ಟಿಗೆ ಅದು ಆರೋಗ್ಯದ ವಾದಕ್ಕಿಂತಲೂ ಗಟ್ಟಿಯಾದ ವಾದ.

ಫಲಿತಾಂಶವನ್ನು ನೀವು ಬಹುಶಃ ಸುದ್ದಿಗಳಲ್ಲಿ ಓದಿರುತ್ತೀರಿ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ರೋಲಂಡ್ ಸ್ಟರ್ಮ್ ಮತ್ತು ಅವರ ಸಹೋದ್ಯೋಗಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಧಿಕ ತೂಕ ಅಥವಾ ಬೊಜ್ಜು ಇರುವವರ ಪ್ರಮಾಣ ದಕ್ಷಿಣ ಲಾಸ್ ಏಂಜಲೀಸ್‌ನಲ್ಲಿ 2007ರಲ್ಲಿ ಶೇ 63 ಇದ್ದದ್ದು 2011–12ರ ಹೊತ್ತಿಗೆ ಶೇ 75ಕ್ಕೆ ಏರಿತ್ತು. ಕೌಂಟಿಯ, ಅಂದರೆ ಆ ನಗರವಿರುವ ಜಿಲ್ಲೆಯ, ಉಳಿದ ಭಾಗಗಳಲ್ಲಿ ಅದೇ ಅವಧಿಯಲ್ಲಿ ಶೇ 57ರಿಂದ 58ಕ್ಕೆ ಮಾತ್ರ ಏರಿತ್ತು. ಈ ಅಂಕಿಗಳನ್ನು ಹಿಡಿದು ನಿಷೇಧದಿಂದಲೇ ಜನ ದಪ್ಪಗಾದರು ಎಂದು ಹೇಳುವುದು ತಪ್ಪು. ನಿಷೇಧವು ಆ ಪ್ರದೇಶದ ಆಹಾರದ ಪರಿಸರವನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ ಎಂಬುದು ಸರಿಯಾದ ಓದು. ಇದ್ದ ಹೋಟೆಲುಗಳೆಲ್ಲ ಉಳಿದವು. ವಾಣಿಜ್ಯ ಸಂಕೀರ್ಣಗಳೊಳಗಿನ ಮಳಿಗೆಗಳು ನಿಯಮದ ಹೊರಗಿದ್ದವು. ಹೊಸದಾಗಿ ಅನುಮತಿ ಪಡೆದವುಗಳಲ್ಲಿ ಹೆಚ್ಚಿನವು ಚಿಪ್ಸ್, ಸೋಡಾ, ಸಿಹಿತಿನಿಸು ಮಾರುವ ಸಣ್ಣ ಅಂಗಡಿಗಳಾಗಿದ್ದು, ಅವುಗಳನ್ನು ಕೇಳುವ ನಿಯಮವೇ ಇರಲಿಲ್ಲ. ಅದೇ ಸ್ಟರ್ಮ್ ಅವರು 2009ರಲ್ಲಿಯೇ, ಜನಸಂಖ್ಯೆಗೆ ಹೋಲಿಸಿದರೆ ಫಾಸ್ಟ್ ಫುಡ್ ಸರಣಿ ಹೋಟೆಲುಗಳು ಸಿರಿವಂತರಿರುವ ಪಶ್ಚಿಮ ಭಾಗದಲ್ಲಿಯೇ ಹೆಚ್ಚು, ದಕ್ಷಿಣದಲ್ಲಿ ಹೆಚ್ಚಾಗಿರುವುದು ಈ ಸಣ್ಣ ಅಂಗಡಿಗಳು ಎಂದು ತೋರಿಸಿದ್ದರು. ಅಂದರೆ ರೋಗ ಎಲ್ಲಿದೆ ಎಂದು ಎಣಿಸಿ ನೋಡುವ ಮೊದಲೇ ಔಷಧ ನಿರ್ಧಾರವಾಗಿತ್ತು. ಯಾವುದೇ ಊರು ಇಂಥ ನಿಯಮ ತರುವ ಮೊದಲು ಬೀದಿ ಬೀದಿ ತಿರುಗಿ ಅಂಗಡಿಗಳ ಲೆಕ್ಕ ಹಿಡಿಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಅಡ್ಡ ಪರಿಣಾಮವೂ ಇದೆ. ಅರ್ಧ ಮೈಲಿಯೊಳಗೆ ಇನ್ನೊಂದು ಬರಬಾರದು ಎಂದಾಗ, ಆಗಲೇ ನೆಲೆಯೂರಿರುವ ದೊಡ್ಡ ಕಂಪನಿಗೆ ಪೈಪೋಟಿಯೇ ಇಲ್ಲದ ಕೋಟೆಯನ್ನು ಸರ್ಕಾರವೇ ಕಟ್ಟಿಕೊಟ್ಟಂತಾಗುತ್ತದೆ.

ವ್ಯಾಖ್ಯಾನದ ತೊಡಕು ಇದಕ್ಕಿಂತ ದೊಡ್ಡದು. ಲಾಸ್ ಏಂಜಲೀಸ್ ಕೊಟ್ಟುಕೊಂಡ ವ್ಯಾಖ್ಯಾನದಲ್ಲಿ ನಾಲ್ಕು ಗುರುತುಗಳಿದ್ದವು: ಸೀಮಿತವಾದ ತಿಂಡಿಪಟ್ಟಿ, ಮೊದಲೇ ಸಿದ್ಧವಾಗಿರುವ ಅಥವಾ ಬೇಗನೆ ಸಿದ್ಧವಾಗುವ ಪದಾರ್ಥಗಳು, ಮೇಜಿನ ಬಳಿಗೆ ಬಂದು ಆರ್ಡರ್ ತೆಗೆದುಕೊಳ್ಳದಿರುವುದು, ಮತ್ತು ಬಿಸಾಡುವಂಥ ಕಾಗದ ಅಥವಾ ಡಬ್ಬಿಗಳಲ್ಲಿ ಕೊಡುವುದು. ಈಗ ಜಯನಗರದ ಯಾವುದಾದರೂ ದರ್ಶಿನಿಯನ್ನು ನೆನೆಸಿಕೊಳ್ಳಿ. ಕೌಂಟರಿನಲ್ಲಿ ಹಣ ಕೊಟ್ಟು ಟೋಕನ್ ಪಡೆದು, ಆವಿಯ ಪಾತ್ರೆಯಿಂದ ಆಗಷ್ಟೇ ಇಳಿದ ಇಡ್ಲಿಯನ್ನು ತಟ್ಟೆಯಲ್ಲಿ ಹಿಡಿದು, ಎತ್ತರದ ಕಲ್ಲುಮೇಜಿನ ಬಳಿ ನಿಂತೇ ತಿಂದು, ಕಾಫಿ ಕುಡಿದು ಹೊರಡುವ ಜಾಗ ಅದು. ನಾಲ್ಕು ಗುರುತುಗಳಲ್ಲಿ ಮೂರು ಅದಕ್ಕೆ ಸರಿಯಾಗಿ ಹೊಂದುತ್ತವೆ; ಸ್ಟೀಲ್ ತಟ್ಟೆ ಒಂದೇ ಅದನ್ನು ಪಾರು ಮಾಡುತ್ತದೆ, ಪಾರ್ಸೆಲ್ ಕಟ್ಟಿದರೆ ಅದೂ ಇಲ್ಲ. ಬಡಿಸುವ ವಿಧಾನ ನೋಡಿ ಆಹಾರದ ಗುಣ ಅಳೆಯಲು ಹೊರಟರೆ ಹೀಗಾಗುತ್ತದೆ. ಬೆಣ್ಣೆ, ಸಕ್ಕರೆ ಸುರಿದು ಅಡುಗೆ ಮಾಡುವ, ಸಮವಸ್ತ್ರದ ಮಾಣಿ ಬಂದು ಬಡಿಸುವ ಹೋಟೆಲು ನಿಯಮದಿಂದ ತಪ್ಪಿಸಿಕೊಳ್ಳುತ್ತದೆ, ಇಡ್ಲಿ ಮಾರುವವನು ಸಿಕ್ಕಿಬೀಳುತ್ತಾನೆ.

ಇಂಗ್ಲೆಂಡಿನವರು ಈ ತೊಡಕನ್ನು ಬೇರೆ ದಾರಿಯಲ್ಲಿ ದಾಟಿದರು. ಕಟ್ಟಿಸಿಕೊಂಡು ಹೊರಗೆ ಒಯ್ಯುವ ಬಿಸಿ ಆಹಾರದ ಅಂಗಡಿಗಳನ್ನು (ಟೇಕ್‌ಅವೇ) 2005ರಲ್ಲಿ ಪ್ರತ್ಯೇಕ ಬಳಕೆಯ ವರ್ಗವಾಗಿಸಿದ್ದರಿಂದ, ಬಟ್ಟೆ ಅಂಗಡಿಯನ್ನೋ ಬ್ಯಾಂಕನ್ನೋ ಅಂಥ ಅಂಗಡಿಯಾಗಿ ಬದಲಾಯಿಸಲು ಯೋಜನಾ ಅನುಮತಿ ಬೇಕಾಗುತ್ತದೆ. ಅಂಥ ಒಂದು ಅರ್ಜಿ ಹೇಗೆ ಸಾಗುತ್ತದೆ ಎಂದು ಹೇಳಿದರೆ ನಿಮಗೆ ಉಪಯೋಗವಾದೀತು. ಅಂಗಡಿಯ ಮುಂದಿನ ದೀಪದ ಕಂಬಕ್ಕೆ ಪ್ಲಾಸ್ಟಿಕ್ ಹೊದಿಸಿದ ನೋಟಿಸ್ ಕಟ್ಟಿ, ಆಕ್ಷೇಪಣೆಗೆ 21 ದಿನ ಕಾಲಾವಕಾಶ ಕೊಡುತ್ತೇವೆ. ಬರುವ ಪತ್ರಗಳನ್ನು ಓದುತ್ತಾ ಕೂತರೆ, ಕರಿದ ಎಣ್ಣೆಯ ವಾಸನೆ ಮಹಡಿಯ ಮಲಗುವ ಕೋಣೆಗೆ ನುಗ್ಗುತ್ತದೆ, ಹೊಗೆ ಕೊಳವೆ ಸೂರಿಗಿಂತ ಮೇಲೆ ಹೋಗಬೇಕು, ರಾತ್ರಿ ಹನ್ನೊಂದಾದರೂ ಕಾರಿನ ಬಾಗಿಲು ಬಡಿಯುವ ಸದ್ದು ನಿಲ್ಲುವುದಿಲ್ಲ, ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಖಾಲಿ ಡಬ್ಬಿಗಳು ಎಂದೇ ಇರುತ್ತದೆ. ಬೊಜ್ಜಿನ ಬಗ್ಗೆ ನೆರೆಹೊರೆಯವರು ಬರೆದದ್ದನ್ನು ನಾನು ಕಂಡದ್ದು ತೀರ ಅಪರೂಪ. ಆ ಮಾತು ಬರುವುದು ಸಾರ್ವಜನಿಕ ಆರೋಗ್ಯ ವಿಭಾಗದ ಟಿಪ್ಪಣಿಯಿಂದ. ಅರ್ಜಿದಾರ ಮೇಲ್ಮನವಿಗೆ ಹೋದಾಗ, ಈ ಒಂದು ಅಂಗಡಿ ಬಂದರೆ ಮಕ್ಕಳ ಆರೋಗ್ಯಕ್ಕೆ ಏನು ಹಾನಿ ಎಂಬುದಕ್ಕೆ ಪುರಾವೆ ಕೊಡಿ ಎಂದು ಮೇಲ್ಮನವಿ ವಿಚಾರಿಸುವ ಯೋಜನಾ ಇನ್ಸ್‌ಪೆಕ್ಟರ್ ಕೇಳುತ್ತಾರೆ. ಒಂದೊಂದೇ ಅಂಗಡಿಯನ್ನು ಹಿಡಿದು ಇದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ. ಆದ್ದರಿಂದಲೇ ಮೊದಲೇ ಬರೆದು ಅಂಗೀಕರಿಸಿದ ಸ್ಪಷ್ಟ ನೀತಿ ಬೇಕಾಗುವುದು.

ಅಂಥ ನೀತಿಯ ಅತ್ಯಂತ ಬಿಗಿಯಾದ ಉದಾಹರಣೆ ನ್ಯೂಕಾಸಲ್‌ಗೆ ಎದುರಾಗಿ ಟೈನ್ ನದಿಯ ದಕ್ಷಿಣ ದಡದಲ್ಲಿರುವ ಗೇಟ್ಸ್‌ಹೆಡ್. ಪ್ರಾಥಮಿಕ ಶಾಲೆಯ ಕೊನೆಯ ತರಗತಿಯ ಮಕ್ಕಳಲ್ಲಿ ಶೇ 10ಕ್ಕಿಂತ ಹೆಚ್ಚು ಮಂದಿಗೆ ಬೊಜ್ಜು ಇರುವ ವಾರ್ಡಿನಲ್ಲಿ ಹೊಸ ಟೇಕ್‌ಅವೇಗೆ ಅನುಮತಿ ಇಲ್ಲ ಎಂದು 2015ರಲ್ಲಿ ಆ ಊರು ನಿರ್ಧರಿಸಿತು. ಆ ಮಿತಿಯನ್ನು ಎಲ್ಲ ವಾರ್ಡುಗಳೂ ಮೀರಿದ್ದರಿಂದ ಹೊಸ ಅನುಮತಿಗಳು ಹೆಚ್ಚುಕಡಿಮೆ ನಿಂತೇ ಹೋದವು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಥ ನೀತಿ ಇಲ್ಲದ ಸುತ್ತಲಿನ ಪ್ರದೇಶಗಳಿಗೆ ಹೋಲಿಸಿದರೆ ಗೇಟ್ಸ್‌ಹೆಡ್‌ನಲ್ಲಿ ಇಂಥ ಅಂಗಡಿಗಳು ಲಕ್ಷ ಜನಕ್ಕೆ ಸುಮಾರು 14ರಷ್ಟು ಕಡಿಮೆಯಾದವೆಂದು ಹೇಳಿತು. ಮಕ್ಕಳ ತೂಕದ ಬಗ್ಗೆ ನಡೆದ ಅಧ್ಯಯನದಲ್ಲಿ ಊರಿಗೆ ಊರೇ ಬದಲಾದದ್ದು ಕಾಣಲಿಲ್ಲ. ಅಂಗಡಿಗಳು ಅತಿ ದಟ್ಟವಾಗಿದ್ದ ಭಾಗಗಳಲ್ಲಿ ಮಾತ್ರ ಇಳಿಕೆ ಕಂಡಿತು. ಲಾಸ್ ಏಂಜಲೀಸ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಅಂಗಡಿಗಳು ಸಹಜವಾಗಿಯೇ ಮುಚ್ಚುತ್ತಿರುತ್ತವೆ, ಬದಲಿಗೆ ಹೊಸದು ಬರದಂತೆ ಎಲ್ಲ ಕಡೆಯೂ ಬಿಡದೆ ತಡೆದರೆ ವರ್ಷಗಳು ಕಳೆದಂತೆ ಸಂಖ್ಯೆ ತಾನಾಗಿ ಇಳಿಯುತ್ತದೆ. ಒಂದು ಭಾಗದಲ್ಲಿ, ಒಂದು ಬಗೆಯ ಕಟ್ಟಡಕ್ಕೆ ಮಾತ್ರ ತಡೆ ಹಾಕಿ ನಾಲ್ಕು ವರ್ಷದಲ್ಲಿ ತೂಕ ಅಳೆದರೆ ಏನೂ ಕಾಣುವುದಿಲ್ಲ. ಮುಂದೆ ಲಂಡನ್ ನಗರವೂ ತನ್ನ 2021ರ ಯೋಜನೆಯಲ್ಲಿ ಶಾಲೆಯ ಬಾಗಿಲಿನಿಂದ 400 ಮೀಟರ್ ನಡಿಗೆಯ ಅಂತರದೊಳಗೆ ಹೊಸ ಟೇಕ್‌ಅವೇ ಬೇಡವೆಂದಿತು. 2024ರ ಡಿಸೆಂಬರಿನಲ್ಲಿ ಶಾಲೆಗಳ ಹತ್ತಿರದ ನಿರ್ಬಂಧ ಇಡೀ ಇಂಗ್ಲೆಂಡಿನ ಯೋಜನಾ ನೀತಿಯಲ್ಲಿ ಸೇರಿತು.

ಜನ ಏನು ತಿನ್ನಬೇಕೆಂದು ಹೇಳಲು ಸರ್ಕಾರ ಯಾರು ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಿಶೇಷವಾಗಿ ನಿಯಮ ಬೀಳುವುದು ಬಡವರ ಬಡಾವಣೆಯ ಮೇಲೆ ಮಾತ್ರವಾದಾಗ ಅದರಲ್ಲಿ ನೋವಿದೆ, ನ್ಯಾಯವೂ ಇದೆ. ಎರಡು ಪಾಳಿ ದುಡಿದು ಬಂದ ತಾಯಿಗೆ ಕೈಗೆಟಕುವ ಬೆಲೆಯಲ್ಲಿ ಬಿಸಿ ಊಟ ಸಿಗುವ ಒಂದೇ ಜಾಗವನ್ನು ತಡೆದು, ಬದಲಿಗೆ ಏನನ್ನೂ ತರದಿದ್ದರೆ ಅದು ಅನ್ಯಾಯವೇ. ಆದರೆ ಹತ್ತು ಹನ್ನೊಂದು ವರ್ಷದ ಮಗು ಶಾಲೆಯ ಗೇಟು ದಾಟಿದ ಕೂಡಲೇ ಎದುರಾಗುವುದು ಐದು ಕರಿದ ತಿಂಡಿಯ ಅಂಗಡಿಗಳೇ ಆದಾಗ, ಅಲ್ಲಿ ರಕ್ಷಿಸಬೇಕಾದ ಆಯ್ಕೆಯ ಸ್ವಾತಂತ್ರ್ಯ ಯಾರದು ಎಂದು ನಾನು ಕೇಳುತ್ತೇನೆ. ಈ ಕಾರಣಕ್ಕೇ ನನ್ನ ಬೆಂಬಲ ಶಾಲೆಯ ಸುತ್ತಲಿನ ನಿರ್ಬಂಧಕ್ಕೆ ಪೂರ್ತಿಯಾಗಿದ್ದು, ಬಡಾವಣೆ ಮಟ್ಟದ ನಿಷೇಧಕ್ಕೆ ಅರೆಮನಸ್ಸಿನದಾಗಿದೆ. ಮನೆ ಬಾಗಿಲಿಗೇ ಊಟ ತಂದುಕೊಡುವ ಆ್ಯಪ್‌ಗಳು ವಯಸ್ಕರ ಮಟ್ಟಿಗೆ ಅಂತರದ ನಿಯಮವನ್ನು ಬಹಳವಾಗಿ ದುರ್ಬಲಗೊಳಿಸಿವೆ. ಶಾಲೆಯಿಂದ ನಡೆದು ಮನೆಗೆ ಹೋಗುವ ಮಗುವಿನ ಮಟ್ಟಿಗೆ ಅಷ್ಟಾಗಿ ಇಲ್ಲ.

ಬೆಂಗಳೂರಿನ ವಿಚಾರಕ್ಕೆ ಬರುತ್ತೇನೆ. ಭೂಬಳಕೆಯ ನೀತಿ ಇಲ್ಲದೆ ಬೇರೆ ಕಾನೂನನ್ನು ಹಿಡಿದು ಫಾಸ್ಟ್ ಫುಡ್ ತಡೆಯಲು ಹೋದರೆ ಏನಾಗುತ್ತದೆ ಎಂಬುದನ್ನು ಈ ನಗರ 1995ರಲ್ಲಿಯೇ ಕಂಡಿದೆ. ಬ್ರಿಗೇಡ್ ರಸ್ತೆಯಲ್ಲಿ ಕೆ.ಎಫ್‌.ಸಿ. ದೇಶದ ತನ್ನ ಮೊದಲ ಮಳಿಗೆ ತೆರೆದಾಗ, ಪಾಲಿಕೆಯು ಅಜಿನೊಮೊಟೊ ಮಿತಿ ಮೀರಿದೆಯೆಂದು ಪರವಾನಗಿ ರದ್ದುಪಡಿಸಿತು; ಹೈಕೋರ್ಟ್ ಮತ್ತೆ ತೆರೆಯಲು ಅವಕಾಶ ಕೊಟ್ಟಿತು; 1996ರ ಜನವರಿಯಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘದ ಕಾರ್ಯಕರ್ತರು ಮಳಿಗೆಯ ಮೇಲೆ ದಾಳಿ ಮಾಡಿದರು. ಅಷ್ಟೆಲ್ಲ ಆದ ಮೇಲೂ ಊರಿನಲ್ಲಿ ಇಂಥ ಮಳಿಗೆಗಳು ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬ ನಿಯಮ ಮಾತ್ರ ಹುಟ್ಟಲಿಲ್ಲ. ಇಂದು ಲಾಸ್ ಏಂಜಲೀಸ್ ಮಾದರಿಯ ನಿಯಮವನ್ನು ಇಲ್ಲಿ ತಂದರೆ ಮೊದಲ ಏಟು ಬೀಳುವುದು ಮಾಲ್‌ನೊಳಗಿನ ಬರ್ಗರ್ ಮಳಿಗೆಗೆ ಅಲ್ಲ, ಫುಟ್‌ಪಾತ್ ಮೇಲಿನ ತಳ್ಳುಗಾಡಿಗೆ. ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಕೊಟ್ಟಿರುವ ರಕ್ಷಣೆಯನ್ನು ಇನ್ನೊಂದು ಬಾಗಿಲಿನಿಂದ ಕಸಿದುಕೊಳ್ಳಲು ಅದು ನೆಪವಾಗಬಾರದು.

ಹೊಸ ನಿಷೇಧ ಹುಡುಕುವ ಮೊದಲು ಕೈಯಲ್ಲಿ ಇರುವುದನ್ನು ಬಳಸಬಹುದು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಿಯೂ ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಅಂಗಡಿಯ ಸ್ವರೂಪವನ್ನಲ್ಲದೆ ಪದಾರ್ಥದ ಗುಣವನ್ನು ನೋಡುವುದರಿಂದ ಇಡ್ಲಿಯವನೂ ಹಣ್ಣಿನವನೂ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಪಾಲಿಕೆ ತನ್ನ ನಕ್ಷೆಯಲ್ಲಿ ಪ್ರತಿ ಶಾಲೆಯ ಗೇಟನ್ನು ಗುರುತಿಸಿ ಆ 50 ಮೀಟರನ್ನು ಎಳೆದು, ಉದ್ದಿಮೆ ಪರವಾನಗಿ ಕೊಡುವಾಗಲೂ ನವೀಕರಿಸುವಾಗಲೂ ಆ ಗೆರೆಯನ್ನು ನೋಡುವುದನ್ನು ಕಡ್ಡಾಯ ಮಾಡಿದರೆ, ಮುಂದಿನ ನಗರ ಯೋಜನೆಯಲ್ಲಿ ಆ ಅಂತರವನ್ನು ಇನ್ನೂರಕ್ಕೋ ನಾನೂರಕ್ಕೋ ಏರಿಸಬೇಕೇ ಎಂದು ಚರ್ಚಿಸಲು ನಮ್ಮ ಬಳಿ ನಮ್ಮದೇ ಊರಿನ ಅಂಕಿಗಳು ಇರುತ್ತವೆ.