‘ಹ್ಯಾಂಡ್’ ಇರುವ ನೂರು ಇಂಗ್ಲಿಷ್ ನುಡಿಗಟ್ಟು ಹದಿನೈದು ದಿನದಲ್ಲಿ ಬಾಯಿಪಾಠ ಮಾಡುವುದು ಹೇಗೆ?

ಉಡುಪಿಯಲ್ಲಿ ಬಿ.ಕಾಂ. ಮುಗಿಸಿದ್ದೀರಿ, ಮಂಗಳೂರಿನ ರಫ್ತು ಕಂಪನಿಯಲ್ಲಿ ಇಂಟರ್‌ವ್ಯೂ ಉಂಟು, ಕೈಯಲ್ಲೊಂದು ಪಟ್ಟಿ ಉಂಟು. ಬಾಯಿಪಾಠ ಮಾಡಲೇಬೇಡಿ ಮಾರಾಯ್ರೆ. ಅಂಥದ್ದೇ ಪಟ್ಟಿ ನನ್ನ ಡ್ರಾಯರ್‌ನಲ್ಲೂ ಇತ್ತು.

ನಾನು ಗೋಡಂಬಿ ರಫ್ತಿನ ಡಾಕ್ಯುಮೆಂಟೇಶನ್ ನೋಡಿಕೊಳ್ಳುತ್ತಿದ್ದೆ. ಡಬ್ಲ್ಯು 320 ಗ್ರೇಡ್, ಅಂದರೆ ಒಂದು ಪೌಂಡಿಗೆ 300ರಿಂದ 320 ಬೀಜ. ಐವತ್ತು ಪೌಂಡಿನ 700 ಕಾರ್ಟನ್, ಒಂದು ಇಪ್ಪತ್ತಡಿ ಕಂಟೇನರ್. ಸೀಲ್ ಆಗಿ ಪಣಂಬೂರು ಬಂದರು ಸೇರಿತ್ತು. ಹಡಗಿನಲ್ಲಿ ಜಾಗ ಇಲ್ಲ ಅಂತ ಶಿಪ್ಪಿಂಗ್ ಲೈನಿನವರು ರೋಲ್ ಓವರ್ ಮಾಡಿದರು, ಮುಂದಿನ ಹಡಗಿಗೆ ತಳ್ಳಿದರು. ‘ಇದು ನಮ್ಮ ಕೈ ಮೀರಿದ ವಿಷಯ’ ಅಂತ ಬಯರ್‌ಗೆ ತಿಳಿಸಬೇಕಿತ್ತು. ನಾನು ಬರೆದದ್ದು: ‘ದಿ ಮ್ಯಾಟರ್ ಹ್ಯಾಸ್ ಗಾನ್ ಔಟ್ ಆಫ್ ಹ್ಯಾಂಡ್.’

ಬರೆಯಬೇಕಿದ್ದದ್ದು ‘ಔಟ್ ಆಫ್ ಅವರ್ ಹ್ಯಾಂಡ್ಸ್’. ಎರಡರ ನಡುವೆ ಇರುವುದು ಒಂದು ‘ಅವರ್’, ಒಂದು ‘ಎಸ್’, ಅಷ್ಟೆ. ‘ಔಟ್ ಆಫ್ ಅವರ್ ಹ್ಯಾಂಡ್ಸ್’ ಅಂದರೆ ತೀರ್ಮಾನ ಈಗ ಬೇರೆಯವರದ್ದು, ನಮ್ಮದು ಏನೂ ನಡೆಯುವುದಿಲ್ಲ. ‘ಔಟ್ ಆಫ್ ಹ್ಯಾಂಡ್’ ಅಂದರೆ ಪರಿಸ್ಥಿತಿಯೇ ಹತೋಟಿ ತಪ್ಪಿದೆ. ಗಲಾಟೆ, ಬೆಂಕಿ, ಮದುವೆಮನೆಯ ಖರ್ಚು, ಇವಕ್ಕೆಲ್ಲ ಹೇಳುವ ಮಾತು ಅದು. ಕನ್ನಡದಲ್ಲಿ ಎರಡಕ್ಕೂ ‘ಕೈ ಮೀರಿದೆ’ ಅಂದರೆ ಮುಗಿಯಿತು. ಪೊಲೀಸರ ಕೈ ಮೀರಿದ ಗಲಾಟೆಯೂ ಅದೇ, ಡಾಕ್ಟರು ‘ನಮ್ಮ ಕೈ ಮೀರಿದೆ’ ಅನ್ನುವುದೂ ಅದೇ. ಯಾರ ಕೈ ಅಂತ ಹೇಳದಿದ್ದರೂ ನಮ್ಮಲ್ಲಿ ಸಂದರ್ಭ ನೋಡಿ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಯಾರ ಕೈ ಅನ್ನುವ ಆ ಒಂದು ಪದ ಬಿಟ್ಟರೆ ಅರ್ಥವೇ ಬೇರೆ. ನನ್ನ ಪಟ್ಟಿಯಲ್ಲಿ ‘ಔಟ್ ಆಫ್ ಹ್ಯಾಂಡ್’ ಮುಂದೆ ‘ಕೈ ಮೀರಿದ’ ಅಂತಲೇ ಇತ್ತು, ಪಟ್ಟಿಯದ್ದು ತಪ್ಪು ಅನ್ನಲಿಕ್ಕೂ ಆಗುವುದಿಲ್ಲ.

ಬಯರ್‌ಗೆ ಹೊಳೆದದ್ದು ಒದ್ದೆ, ಹುಳ, ಫಂಗಸ್. ಸರ್ವೇಯರ್, ಅಂದರೆ ಮಾಲು ಪರೀಕ್ಷೆ ಮಾಡುವವರು, ನೋಡದೆ ಮಾಲು ಹೊರಡಬಾರದು ಅಂದರು. ಸೀಲ್ ಆದ ಕಂಟೇನರ್ ತೆಗೆಯುವುದೆಂದರೆ ಕಸ್ಟಮ್ಸ್ ಅನುಮತಿ, ಕಾರ್ಟನ್ ಇಳಿಸಿ ಮತ್ತೆ ಏರಿಸುವ ಕೂಲಿ, ಹೊಸ ಸೀಲ್, ಆ ಸೀಲ್ ನಂಬರಿಗೆ ಕಾಗದಪತ್ರ ಎಲ್ಲ ತಿದ್ದುವುದು. ಅಷ್ಟರಲ್ಲಿ ಮುಂದಿನ ಹಡಗೂ ಹೋಯಿತು. ಮಾಲಿಗೆ ಏನೂ ಆಗಿರಲಿಲ್ಲ, ಬಿಲ್ ಮಾತ್ರ ನಮ್ಮದು. ‘ಹ್ಯಾಂಡಿಗೆ ಒಂದು ಎಸ್ ಹಾಕಲಿಕ್ಕೆ ನಿನಗೆ ಎಂತ ಕಷ್ಟ ಇತ್ತು?’ ಅಂತ ಧಣಿಗಳು ಕೇಳಿದ್ದು ಇಷ್ಟು ವರ್ಷವಾದರೂ ಕಿವಿಯಲ್ಲಿದೆ.

ಅದೇ ‘ಔಟ್ ಆಫ್ ಹ್ಯಾಂಡ್’, ‘ರಿಜೆಕ್ಟ್’ ಜೊತೆ ಬಂದರೆ ಮೂರನೇ ಅರ್ಥ: ಯೋಚಿಸುವ ಗೋಜಿಗೇ ಹೋಗದೆ, ಕೇಳಿದ ತಕ್ಷಣ ತಳ್ಳಿಹಾಕುವುದು. ಬಯರ್ ಮೇಲ್‌ನಲ್ಲಿ ಇದು ಬರುತ್ತದೆ, ಓದಿ ಅರ್ಥವಾದರೆ ಸಾಕು.

ಹಾಗಾಗಿ ಪಟ್ಟಿ ಬದಿಗಿಡಿ. ತೊಡಕು ‘ಹ್ಯಾಂಡ್’ನಲ್ಲಿಲ್ಲ, ಅದರ ಹಿಂದಿನ ಚಿಕ್ಕ ಪದದಲ್ಲಿದೆ. ಒಂದು ನೋಟ್‌ಬುಕ್‌ನಲ್ಲಿ ಇನ್, ಆನ್, ಅಟ್, ಔಟ್ ಆಫ್, ಬೈ, ಒಂದೊಂದಕ್ಕೆ ಒಂದು ಪುಟ ಬಿಡಿ. ಪ್ರತಿ ಪುಟದಲ್ಲಿ ನೀವು ಸೇರುವ ಕೆಲಸದ್ದೇ ವಾಕ್ಯ ಬರೆಯಿರಿ, ಪುಸ್ತಕದ್ದಲ್ಲ. ‘200 ಕಾರ್ಟನ್ಸ್ ಆನ್ ಹ್ಯಾಂಡ್’ ಅಂದರೆ ಗೋದಾಮಿನಲ್ಲಿ ಈಗಲೇ ಉಂಟು. ‘ವಿ ಹ್ಯಾವ್ ದಿ ಮ್ಯಾಟರ್ ಇನ್ ಹ್ಯಾಂಡ್’ ಅಂದರೆ ನಾವು ನೋಡಿಕೊಳ್ಳುತ್ತಿದ್ದೇವೆ, ಹತೋಟಿಯಲ್ಲಿದೆ. ನಾನು ಬರೆದದ್ದಕ್ಕೆ ಸರೀ ಉಲ್ಟಾ. ‘ಕ್ಯಾಶ್ ಇನ್ ಹ್ಯಾಂಡ್’ ನಿಮಗೆ ಗೊತ್ತೇ ಉಂಟು, ಅಲ್ಲಿ ಹತೋಟಿಯ ಮಾತಿಲ್ಲ, ಕೈಯಲ್ಲಿರುವ ನಗದು ಅಷ್ಟೆ. ‘ಅಟ್ ಹ್ಯಾಂಡ್’ ಹತ್ತಿರ ಬಂದದ್ದಕ್ಕೆ, ದಿನವೂ ಆಗಬಹುದು, ವಸ್ತುವೂ ಆಗಬಹುದು. ‘ಬೈ ಹ್ಯಾಂಡ್’ ಸುಲಭ: ಮೆಷಿನ್ ಇಲ್ಲದೆ ಕೈಯಲ್ಲೇ ಮಾಡಿದ್ದು, ಇಲ್ಲವೇ ಅಂಚೆಗೆ ಹಾಕದೆ ಖುದ್ದು ಮುಟ್ಟಿಸಿದ್ದು.

ಕನ್ನಡದ ‘ಕೈ’ ತಟ್ಟನೆ ನೆನಪಾದ ಕಡೆ ಅನುಮಾನ ಇರಲಿ. ‘ಮೈ ಹ್ಯಾಂಡ್ಸ್ ಆರ್ ಟೈಡ್’ಗೂ ‘ಕೈ ಕಟ್ಟಿಹಾಕಿದೆ’ಗೂ ಪುಣ್ಯಕ್ಕೆ ಒಂದೇ ಅರ್ಥ. ‘ಗಿವ್ ಮಿ ಎ ಹ್ಯಾಂಡ್’ ಅಂದವರು ನೆರವು ಕೇಳುತ್ತಿದ್ದಾರೆ. ನಮ್ಮಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟು ಹೋದವನು. ಆ ‘ಹ್ಯಾಂಡ್’ಗೆ ‘ಬಿಗ್’ ಸೇರಿದರೆ ಚಪ್ಪಾಳೆ. ಇನ್ನು ‘ಹ್ಯಾಂಡ್ ಇನ್ ಗ್ಲವ್’. ಟೀಮಿನ ಜೊತೆ ಹೊಂದಿಕೊಂಡು ಕೆಲಸ ಮಾಡಿದೆ ಅನ್ನಲಿಕ್ಕೆ ಇದನ್ನು ಇಂಟರ್‌ವ್ಯೂನಲ್ಲಿ ಬಳಸುತ್ತಾರೆ. ಪತ್ರಿಕೆಯಲ್ಲಿ ಅದು ಹೆಚ್ಚಾಗಿ ಬರುವುದು ಕಳ್ಳಸಾಗಣೆಯವರ ಜೊತೆ ಅಧಿಕಾರಿಗಳು ಶಾಮೀಲಾದಾಗ. ಬೇಡವೇ ಬೇಡ.

ಹುಟ್ಟಿದ ಕಡೆ ಗೊತ್ತಿದ್ದರೆ ಕೆಲವು ತಾವಾಗಿ ಉಳಿಯುತ್ತವೆ. ‘ಹ್ಯಾಂಡ್ಸ್ ಡೌನ್’ ಕುದುರೆ ರೇಸಿನದು: ಗೆಲುವು ಖಾತ್ರಿಯಾದ ಜಾಕಿ ಲಗಾಮು ಸಡಿಲಿಸಿ ಕೈ ಇಳಿಸುತ್ತಾನೆ, ಅದಕ್ಕೇ ಸಲೀಸಾದ ಗೆಲುವು. (ಕಂಬಳದಲ್ಲಿ ಹಗ್ಗದ ಓಟದವರು ಹಾಗೆ ಸಡಿಲ ಬಿಟ್ಟರೆ ಕೆಸರೇ ಗತಿ.) ‘ಹ್ಯಾಂಡ್ ಓವರ್ ಫಿಸ್ಟ್’ ನಾವಿಕರದ್ದು, ಹಗ್ಗವನ್ನು ಒಂದು ಕೈ ಮುಂದೆ ಇನ್ನೊಂದು ಕೈ ಹಾಕಿ ಬರಬರನೆ ಎಳೆಯುವುದು, ಈಗ ದುಡ್ಡು ಭರದಿಂದ ಬರುವುದಕ್ಕೆ, ಕೆಲವೊಮ್ಮೆ ಹೋಗುವುದಕ್ಕೂ.

ಇಂಟರ್‌ವ್ಯೂನಲ್ಲಿ ನಿಮ್ಮ ನುಡಿಗಟ್ಟು ಯಾರೂ ಎಣಿಸುವುದಿಲ್ಲ. ಬರೆಯುವಾಗಲಂತೂ ಮೊದಲ ವರ್ಷ ಒಂದೂ ಬೇಡ. ನಾನು ಈಗ ಆ ಮೇಲ್ ಬರೆದರೆ ‘ಹ್ಯಾಂಡ್’ ಎಂಬ ಪದವೇ ಇರುವುದಿಲ್ಲ: ಕಂಟೇನರ್ ರೋಲ್ ಓವರ್ ಆಗಿದೆ, ಮುಂದಿನ ಹಡಗು ಇದು, ಹೊರಡುವ ದಿನ ಇದು, ಸೀಲ್ ನಂಬರ್ ಇದು, ಮಾಲು ಸರಿಯಿದೆ.

ಪಟ್ಟಿಯಲ್ಲಿ ‘ಐ ಹ್ಯಾವ್ ಟು ಹ್ಯಾಂಡ್ ಇಟ್ ಟು ಯೂ’ ಇದ್ದರೆ ಅದೊಂದರ ಅಡಿಗೆ ಗೆರೆ ಎಳೆದಿಡಿ. ಭೇಷ್ ಅನ್ನಲೇಬೇಕು ಅಂತ ಅರ್ಥ. ಅದೇ ಬಯರ್ ಕೊನೆಗೆ ಹಾಗೆ ಬರೆದಾಗ, ಏನು ಕಳಿಸಿಕೊಡುತ್ತೀರಿ ಅಂತ ನಾನು ವಾಪಸ್ ಮೇಲ್ ಮಾಡಿದ್ದೆ.