ಲೆಸ್ಟರ್‌ಗೆ ಹೊರಟಿರುವ ವಿಜಯನಗರದ ಹುಡುಗಿಗೆ

ನೀನು ಕೇಳಿದ್ದು ಇಷ್ಟು: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಬೆಂಗಳೂರು ಬಿಟ್ಟು ಎಲ್ಲೂ ಇದ್ದು ಗೊತ್ತಿಲ್ಲ, ಲಂಡನ್ ಅಲ್ಲದ ಊರಲ್ಲಿ ಬೇಜಾರಾಗುವುದಿಲ್ಲವಾ, ಅಲ್ಲಿ ನಮ್ಮವರು ಜಾಸ್ತಿ ಅನ್ನುವುದು ನಿಜವಾ? ನಾನು ಆ ಊರಲ್ಲಿ ಮನೆ ಮಾಡಿ, ಮಕ್ಕಳನ್ನು ಓದಿಸಿ, ಅಲ್ಲೇ ನೆಲೆ ನಿಂತವಳು. ಈಗ ಬಸವನಗುಡಿಯ ಅಮ್ಮನ ಮನೆಗೆ ಬಂದಿದ್ದೇನೆ. ಪುರುಸೊತ್ತಾಗಿದೆ, ಸರಿಯಾಗಿ ಕೂತು ಬರೆಯುತ್ತೇನೆ.

ಊರು ಚಿಕ್ಕದು. 2021ರ ಜನಗಣತಿ ಪ್ರಕಾರ ಸುಮಾರು 3.68 ಲಕ್ಷ ಜನ. ಮೈಸೂರಿನ ಅರ್ಧದಷ್ಟೂ ಇಲ್ಲ. ಲಂಡನ್ನಿಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಆದ್ದರಿಂದ ಲಂಡನ್ ನೋಡುವ ಆಸೆ ತೀರಿಸಿಕೊಳ್ಳಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಳೆದುಹೋಗುತ್ತಿದ್ದ ಸಂಜೆಗಳು ಅಲ್ಲಿ ನಿನ್ನ ಕೈಗೆ ವಾಪಸ್ ಸಿಗುತ್ತವೆ. ಬೇಜಾರಿನ ವಿಷಯ ಆಮೇಲೆ ಹೇಳುತ್ತೇನೆ.

'ನಮ್ಮವರು' ಅಂದೆಯಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಏಷ್ಯಾ ಮೂಲದವರು ಶೇ. 43, ಬಿಳಿಯರು ಶೇ. 41ರ ಹತ್ತಿರ. ಅರ್ಧಕ್ಕಿಂತ ಹೆಚ್ಚು ಅಂತ ಯಾರೂ ಇಲ್ಲ. ಇಡೀ ಊರಿನಲ್ಲಿ ಭಾರತ ಮೂಲದವರೇ ಮೂರರಲ್ಲಿ ಒಂದು ಪಾಲು. ಆದರೆ ಅವರಲ್ಲಿ ಹೆಚ್ಚಿನವರು ಗುಜರಾತಿಗಳು. ಎಷ್ಟೋ ಮಂದಿಯ ಮನೆಯ ಕಥೆ ಭಾರತದಿಂದಲ್ಲ, ಆಫ್ರಿಕಾದಿಂದ ಶುರುವಾಗುತ್ತದೆ. 1972ರಲ್ಲಿ ಉಗಾಂಡಾದ ಇದಿ ಅಮೀನ್ ಏಷ್ಯಾದವರಿಗೆ ದೇಶ ಬಿಡಲು 90 ದಿನ ಕೊಟ್ಟ. ಆಗ ಲೆಸ್ಟರ್‌ನ ನಗರಸಭೆ ಉಗಾಂಡಾದ ಪತ್ರಿಕೆಯಲ್ಲೇ ಜಾಹೀರಾತು ಹಾಕಿಸಿತು: ನಮ್ಮ ಊರಲ್ಲಿ ಮನೆ, ಸ್ಕೂಲು ಎಲ್ಲ ತುಂಬಿಹೋಗಿದೆ, ದಯವಿಟ್ಟು ಬರಬೇಡಿ ಅಂತ. ಆದರೂ ಜನ ಬಂದರು. ಬಟ್ಟೆ ಹೆಣೆಯುವ ಕಾರ್ಖಾನೆಗಳಲ್ಲಿ, ಟೈಪ್‌ರೈಟರ್ ಕಾರ್ಖಾನೆಯಲ್ಲಿ ದುಡಿದರು. ಬಿಳಿಯರಿಗೊಂದು ನಮಗೊಂದು ನ್ಯಾಯವಾ ಅಂತ 1974ರಲ್ಲಿ ಮುಷ್ಕರ ಹೂಡಿದರು. ಬೆಲ್‌ಗ್ರೇವ್ ರಸ್ತೆಯಲ್ಲಿ ಅಂಗಡಿ ತೆರೆದರು. ಇವತ್ತು ಅದೇ ಊರು ಆ ರಸ್ತೆಯ ದೀಪಾವಳಿಯನ್ನು ತನ್ನ ಹೆಮ್ಮೆ ಅಂತ ತೋರಿಸಿಕೊಳ್ಳುತ್ತದೆ. ಇವರ ಕಷ್ಟ ತಿಳಿದುಕೊಂಡು ಹೋಗು. ನಾವೀಗ ಅಲ್ಲಿ ಸಲೀಸಾಗಿ ಓಡಾಡುತ್ತೇವೆ ಅಂದರೆ ಅದರ ಹಿಂದೆ ಅವರ ಬೆವರಿದೆ.

ಹಾಗಾಗಿ ನೀನು ನಮ್ಮವರ ನಡುವೆ ಹೋಗುತ್ತಿದ್ದೀಯ, ಹೌದು. ಆದರೆ ಆ ನಮ್ಮವರ ನಡುವೆ ನೀನು ಹೊಸಬಳು. ಇಲ್ಲಿ ಬೆಂಗಳೂರಲ್ಲಿ ನಾವು ಊರಿನವರು. ಹೊರಗಿನಿಂದ ಬಂದವರು ವರ್ಷಗಟ್ಟಲೆ ಇದ್ದೂ ಎರಡು ಮಾತು ಕನ್ನಡ ಕಲಿಯದಿದ್ದರೆ ನಮಗೆ ನೋವಾಗುತ್ತದೆ, ಅಲ್ವಾ? ಆ ನೋವು ಸುಳ್ಳಲ್ಲ. ಅಲ್ಲಿ ಹೋದ ಮೇಲೆ ಅದನ್ನೇ ನೆನಪಿಟ್ಟುಕೋ. ನಿನ್ನ ವಾರ್ಡಿಗೆ ಗುಜರಾತಿ ಬಿಟ್ಟರೆ ಬೇರೆ ಮಾತು ಸರಿಯಾಗಿ ಬಾರದ ಅಜ್ಜಿಯರು ಬರುತ್ತಾರೆ. ನನ್ನ ಪಕ್ಕದ ಮನೆಯ ಬಾ ಹಾಗೆಯೇ. ಬಾ ಅಂದರೆ ಅವರಲ್ಲಿ ಅಮ್ಮ, ಅಜ್ಜಿ. ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ. ಮರಗೆಣಸನ್ನು ಹುರಿದು ಖಾರ ನಿಂಬೆಹಣ್ಣು ಹಾಕಿ ಕೊಡುತ್ತಾರೆ, ಅದಕ್ಕೆ 'ಮೋಗೋ' ಅನ್ನುತ್ತಾರೆ. ಮಂಡಿ ಆಪರೇಷನ್ ಆದಾಗ ಅವರನ್ನು ನೋಡಲು ಹೋಗಿದ್ದೆ. ಕೇರಳದ ಒಬ್ಬ ನರ್ಸ್ ಹತ್ತಿರ ಬಂದು, ಹಾಸಿಗೆ ಪಕ್ಕ ಬಗ್ಗಿ, 'ಕ್ಯಾಂ ದುಖೇ ಛೇ, ಬಾ?' ಅಂತ ಕೇಳಿದಳು. ಎಲ್ಲಿ ನೋವು ಅಂತ, ಅಷ್ಟೇ. ಬಾ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ತಮಿಳು, ತೆಲುಗು, ಉರ್ದು ಎಲ್ಲ ಕೇಳಿಸಿಕೊಂಡು ಬೆಳೆದ ನಿನಗೆ ಇನ್ನೊಂದು ಭಾಷೆ ಭಾರವಾಗುವುದಿಲ್ಲ.

ಗುಜರಾತಿಗಳಷ್ಟೇ ಅಲ್ಲ. ಸೊಮಾಲಿಯಾದವರಿದ್ದಾರೆ, ಪೋಲೆಂಡಿನವರಿದ್ದಾರೆ, ಪಂಜಾಬಿಗಳು, ಬಾಂಗ್ಲಾದವರು, ಕೆರಿಬಿಯನ್ನಿನವರು. ಒಂದು ಸಂಜೆ ಸುಮ್ನೆ ನಾರ್ಬರೋ ರಸ್ತೆಯಲ್ಲಿ ನಡೆದುಹೋಗು, ಪ್ರತಿ ಅಂಗಡಿಗೂ ಬೇರೆ ದೇಶದ ಮಾಲೀಕ. ಚಿಕ್ಕ ಊರಾದ್ದರಿಂದ ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಬಸ್ಸಿನಲ್ಲಿ ಕಂಡವರೇ ಸ್ಕೂಲ್ ಗೇಟಿನ ಹತ್ತಿರ, ಅವರೇ ಔಷಧಿ ಅಂಗಡಿಯಲ್ಲಿ. ದೊಡ್ಡ ಊರಲ್ಲಿ ಇಂಥವರ ಪಕ್ಕದಲ್ಲೇ ಬದುಕಿದರೂ ಹೆಸರು ಗೊತ್ತಾಗುವುದಿಲ್ಲ. ಲೆಸ್ಟರ್‌ನಲ್ಲಿ ಗೊತ್ತಾಗುತ್ತದೆ. ನಾನು ಆ ಊರನ್ನು ಇಷ್ಟಪಡುವುದು ಇದಕ್ಕೇ.

ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. 2022ರ ಆಗಸ್ಟ್-ಸೆಪ್ಟೆಂಬರಿನಲ್ಲಿ, ಏಷ್ಯಾ ಕಪ್‌ನ ಭಾರತ-ಪಾಕಿಸ್ತಾನ ಪಂದ್ಯದ ನಂತರ, ಹಿಂದೂ-ಮುಸ್ಲಿಂ ಹುಡುಗರ ನಡುವೆ ಗಲಾಟೆ ಎದ್ದಿತು. ಸುಳ್ಳು ಸುದ್ದಿಗಳು ಫೋನಿಂದ ಫೋನಿಗೆ ಹಾರಿದವು. ಬೆಂಗಳೂರಿಂದಲೂ ನನಗೆ ಗಾಬರಿಯ ಮೆಸೇಜುಗಳು ಬಂದವು, ನನ್ನ ಬೀದಿಯಲ್ಲೇ ಏನೇನೋ ನಡೆದಿದೆಯಂತೆ ಅಂತ. ಏನೂ ನಡೆದಿರಲಿಲ್ಲ. ಅಂಥ ಹೊತ್ತಲ್ಲಿ ಯಾವುದನ್ನೂ ಫಾರ್ವರ್ಡ್ ಮಾಡಬೇಡ. ನಿನ್ನ ಜೊತೆ ಡ್ಯೂಟಿ ಮಾಡುವವರು ಎರಡೂ ಕಡೆಯವರಿರುತ್ತಾರೆ.

ಈಗ ಬೇಜಾರು. ಡಿಸೆಂಬರಿನಲ್ಲಿ ಸಂಜೆ ನಾಲ್ಕು ಗಂಟೆ ಹೊತ್ತಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಮೊದಲ ಚಳಿಗಾಲ ಎಲ್ಲರನ್ನೂ ಹಣ್ಣು ಮಾಡುತ್ತದೆ. ರಜಾ ದಿನ ಹಾಸಿಗೆಯಲ್ಲೇ ಕಳೆಯಬೇಡ, ಬೆಳಕಿರುವಾಗ ಹೊರಗೆ ಹೋಗು. ಕನ್ನಡದವರು ಕಡಿಮೆ, ಆದರೆ ಇದ್ದಾರೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರುತ್ತಾರೆ, ನಾನೇ ಕರೆದುಕೊಂಡು ಹೋಗುತ್ತೇನೆ.

ಊಟದ ಚಿಂತೆ ಬಿಡು. ಕರಿಬೇವು, ನುಗ್ಗೆಕಾಯಿ, ಸೋನಾ ಮಸೂರಿ ಎಲ್ಲ ಬೆಲ್‌ಗ್ರೇವ್ ರಸ್ತೆಯಲ್ಲಿ ಸಿಗುತ್ತದೆ. ಅವರೆಕಾಳೂ ಸಿಗುತ್ತದೆ! ಫ್ರೀಜರ್‌ನಲ್ಲಿ 'ಸುರ್ತಿ ಪಾಪ್ಡಿ ಲಿಲ್ವಾ' ಅಂತ ಬರೆದ ಪ್ಯಾಕೆಟ್ ಹುಡುಕು. ಪಕ್ಕದಲ್ಲೇ 'ತುವೇರ್ ಲಿಲ್ವಾ' ಇರುತ್ತದೆ, ಅದು ತೊಗರಿ. ಸೊಗಡು ಇರುವುದಿಲ್ಲ ನಿಜ, ಆದರೆ ಸಾರಿಗೆ, ಉಪ್ಪಿಟ್ಟಿಗೆ ಮೋಸವಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮತ್ತು ಮನೆಯ ಸಾರಿನ ಪುಡಿ ಮಾತ್ರ ಇಲ್ಲಿಂದಲೇ ಒಯ್ಯಿ.

ಮನೆಯನ್ನು ಫೋಟೊ ನೋಡಿ ಒಪ್ಪಿಕೊಳ್ಳಬೇಡ, ದುಡ್ಡನ್ನೂ ಕಳಿಸಬೇಡ. ಮೊದಲ ವಾರಗಳಿಗೆ ಆಸ್ಪತ್ರೆಯವರು ಕೋಣೆ ಕೊಡುತ್ತಾರಾ ಅಂತ ಕೇಳು. ಆಮೇಲೆ ನಾವಿಬ್ಬರೂ ಹೋಗಿ ನೋಡೋಣ. ನೈಟ್ ಡ್ಯೂಟಿ ಮುಗಿಸಿ ನಡೆದೇ ಬರುವಷ್ಟು ಹತ್ತಿರ ಇರಬೇಕು, ಹೀಟರ್ ಸರಿಯಾಗಿರಬೇಕು. ನಿನ್ನ ಜಾಯಿನಿಂಗ್ ದಿನ ಗೊತ್ತಾದ ಕೂಡಲೇ ತಿಳಿಸು.